ಹಾಲಿಗೆ ನೇರವಾಗಿ ಚಿನ್ನದ ದ್ರಾವಣ ಹಾಕಬೇಡಿ

ಚಿನ್ನದ ನ್ಯಾನೋಕಣಗಳ ಕೆಂಪು ದ್ರಾವಣವನ್ನು ಡೇರಿಗೆ ಬರುವ ಹಾಲಿಗೆ ನೇರವಾಗಿ ಹಾಕಿ, ನೀಲಿಯಾದರೆ ಮೆಲಮಿನ್ (ಹಾಲಿಗೆ ಕಲಬೆರಕೆ ಮಾಡುವ ಒಂದು ಕೈಗಾರಿಕಾ ರಾಸಾಯನಿಕ) ಇದೆ ಅನ್ನಬಹುದಾ ಅಂತ ಕೇಳಿದ್ದೀರಿ. ನೇರವಾಗಿ ಬೇಡ.

ತತ್ವ ಸರಿಯಾಗಿಯೇ ಇದೆ. ಸುಮಾರು 13 ನ್ಯಾನೋಮೀಟರ್ ಗಾತ್ರದ ಕಣಗಳು ಬಿಡಿಬಿಡಿಯಾಗಿ ಇರುವವರೆಗೆ ದ್ರಾವಣ ಕೆಂಪು. ಮೆಲಮಿನ್ ಬಂದು ಅಂಟಿಕೊಂಡರೆ ಕಣಗಳು ಗುಂಪುಗೂಡುತ್ತವೆ, ಬಣ್ಣ ನೇರಳೆಯಾಗಿ ಆಮೇಲೆ ನೀಲಿಗೆ ತಿರುಗುತ್ತದೆ. ಆದರೆ ಹಾಲು ಬರೀ ನೀರಲ್ಲ, ಅಲ್ವಾ? ಅದರ ಪ್ರೋಟೀನ್ ಮೊದಲೇ ಕಣಗಳನ್ನು ಸುತ್ತಿಕೊಂಡುಬಿಟ್ಟರೆ ಮೆಲಮಿನ್ ಇದ್ದರೂ ಕೆಂಪು ಹಾಗೇ ಉಳಿಯಬಹುದು. ನನಗೆ ಜಾಸ್ತಿ ಭಯ ಇರುವುದು ಇದರದ್ದೇ, ಕಲಬೆರಕೆ ಹಾಲು ಪಾಸಾಗಿ ಮಕ್ಕಳ ಹೊಟ್ಟೆ ಸೇರುತ್ತದೆ. 2008ರಲ್ಲಿ ಚೀನಾದಲ್ಲಿ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದದ್ದು ಮೆಲಮಿನ್ ಬೆರೆತ ಹಾಲಿನ ಪುಡಿಯಿಂದ. ಹಳೆಯ ಪ್ರೋಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು, ಮೆಲಮಿನ್ ತೂಕದಲ್ಲಿ ಶೇ. 66ರಷ್ಟು ಅದೇ ಇದೆ, ಹಾಗಾಗಿ ಅದನ್ನು ಬೆರೆಸಿದ ಹಾಲಿನಲ್ಲಿ ಪ್ರೋಟೀನ್ ಜಾಸ್ತಿ ಇದ್ದಂತೆ ತೋರುತ್ತದೆ.

ಹಾಗಾಗಿ ಮೊದಲು ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕಿ ಹಾಲು ಒಡೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯನ್ನು ಸೋಸಿ, ಪಿಎಚ್ (ಆಮ್ಲೀಯತೆಯ ಮಟ್ಟ) ಸರಿಮಾಡಿಕೊಂಡು ಆಮೇಲೆ ದ್ರಾವಣಕ್ಕೆ ಹಾಕಿ. ಉಪ್ಪು, ಆಮ್ಲ ಜಾಸ್ತಿಯಾದರೂ ಕಣಗಳು ಸುಮ್ನೆ ಗುಂಪುಗೂಡುತ್ತವೆ. ಅದಕ್ಕೇ ಪಕ್ಕದಲ್ಲಿ ಎರಡು ಟ್ಯೂಬ್ ಇರಲೇಬೇಕು: ಒಂದರಲ್ಲಿ ಶುದ್ಧ ಅಂತ ಖಾತ್ರಿಯಿರುವ ಹಾಲು, ಇನ್ನೊಂದರಲ್ಲಿ ಅದೇ ಹಾಲಿಗೆ ಅಳತೆ ಮಾಡಿ ಮೆಲಮಿನ್ ಹಾಕಿದ್ದು, ಮೂರಕ್ಕೂ ಒಂದೇ ರೀತಿ ತಯಾರಿ. ಪರೀಕ್ಷೆಗೆ ಬಳಸಿದ್ದನ್ನೆಲ್ಲ ಹಾಲಿನ ಕ್ಯಾನ್‌ಗಳಿಂದ ದೂರ ಇಡಿ. ನೀಲಿಯಾದ ಸ್ಯಾಂಪಲ್ ಅನ್ನು ಲ್ಯಾಬ್‌ಗೆ ಕಳಿಸಿ, ಅಲ್ಲಿನ ವರದಿ ಬರುವವರೆಗೆ ಆ ಹಾಲನ್ನು ಬೇರೆ ಹಾಲಿಗೆ ಸೇರಿಸಬೇಡಿ.