ಕುಬಸದ ಮನೆಯಲ್ಲಿ 27 ಮಂದಿ

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಅಡತಿ (ದಲಾಲಿ) ಅಂಗಡಿಯ ಮನೆತನವೊಂದರ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ಕಿರಿಸೊಸೆಯ ಕುಬಸ (ಸೀಮಂತ). 27 ಪಾತ್ರಗಳೂ ಅಲ್ಲಿಗೆ ಬರುತ್ತವೆ. ಓದಿದ ನಮ್ಮ ವೈನಿ (ಅತ್ತಿಗೆ), ‘ಯಾರು ಯಾರಿಗೆ ಏನಾಗಬೇಕು ಅನ್ನೂದ ತಿಳೀವಲ್ದು’ ಅಂದರು. ಯಾರನ್ನು ಬಿಡಲಿ?
– ಓದುಗರು, ಬ್ಯಾಡಗಿ

ಉತ್ತರ: ಸದ್ಯ ಯಾರನ್ನೂ ಬಿಡಬೇಡಿ, ಕುಬಸವನ್ನು ಮುಂದಕ್ಕೆ ಹಾಕಿ. ಕಾರ್ಯದ ಮನೆಗೆ ಹೋದ ಹೊಸಬರಿಗೆ ಒಬ್ಬರ ಹೆಸರೂ ನೆನಪುಳಿಯುವುದಿಲ್ಲ. ನಿಮ್ಮ ಓದುಗರು ಅಂಥ ಹೊಸಬರು. ಕತೆ ಅಂಗಡಿಯಲ್ಲಿ ಶುರುವಾಗಲಿ. ಚೀಲ ಇಳಿಸುವ ಹಮಾಲ, ತೂಕ ಬರೆದುಕೊಳ್ಳುವ ದಿವಾನಜಿ, ಸಾಹುಕಾರ, ಮೂವರು ಸಾಕು. ಕುಬಸ ಐದನೆಯ ಅಧ್ಯಾಯಕ್ಕೆ ಬರಲಿ. ಅಷ್ಟೊತ್ತಿಗೆ ಏಳೆಂಟು ಮಂದಿಯ ಗುರುತಾಗಿರುತ್ತದೆ.

ನಿಮ್ಮ ವೈನಿಯವರ ಗೊಂದಲಕ್ಕೆ ಹೆಚ್ಚಿನ ಕಾರಣ ಹೆಸರುಗಳು. ಕಳಿಸಿದ ಪುಟಗಳಲ್ಲಿ ಬಸಪ್ಪ, ಬಸವರಾಜ, ಬಸವಣ್ಣೆಪ್ಪ, ಬಸವ್ವ ಎಲ್ಲರೂ ಇದ್ದಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಕಡೆ ಇದು ಸಹಜ. ಆದರೆ ಊರಿನವರು ಇದನ್ನು ಬಗೆಹರಿಸಿಕೊಳ್ಳುವ ರೀತಿ ನೋಡಿ: ಒಬ್ಬ ಸಣ್ಣ ಬಸ್ಯಾ, ಇನ್ನೊಬ್ಬ ಟ್ರ್ಯಾಕ್ಟರ್ ಬಸ್ಯಾ. ನೀವೂ ಹಾಗೇ ಮಾಡಿ. ಸಾಹುಕಾರನನ್ನು ಅಕ್ಕ ‘ತಮ್ಮಾ’ ಎನ್ನಲಿ, ಅಣ್ಣನ ಮಗ ‘ಕಾಕಾ’ ಎನ್ನಲಿ, ಹಮಾಲ ‘ಸಾವ್ಕಾರ್ರ’ ಎನ್ನಲಿ. ಕರೆಯುವ ಬಗೆಯಲ್ಲೇ ನಂಟು ತಿಳಿಯುತ್ತದೆ. ನಿರೂಪಣೆ ಮಾತ್ರ ಕೊನೆತನಕ ಒಂದೇ ಹೆಸರು ಹಿಡಿಯಬೇಕು. ನೀವು ಒಂದೇ ಪುಟದಲ್ಲಿ ಅವನಿಗೆ ನಾಲ್ಕು ಹೆಸರು ಕೊಟ್ಟಿದ್ದೀರಿ.

ಎಲ್ಲರಿಗೂ ಸಮಪಾಲು ಕೊಡುವ ಹಟವನ್ನೂ ಬಿಡಿ. ಮಹಾಭಾರತದ ಉತ್ತರಕುಮಾರನನ್ನು ನೆನೆಯಿರಿ. ಹೆಂಗಸರ ಮುಂದೆ ಕೊಚ್ಚಿಕೊಂಡು, ಕೌರವರ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದವನು. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಮಡಿದ. ಅಷ್ಟು ದೊಡ್ಡ ಕತೆಯಲ್ಲಿ ಅವನ ಪಾಲು ಎಷ್ಟು? ಆದರೂ ಗದುಗಿನ ಕುಮಾರವ್ಯಾಸ ಆ ಒಂದು ಪ್ರಸಂಗವನ್ನು ಮನಸಾರೆ ಹಿಗ್ಗಿಸಿದ, ನಾವು ಇಂದಿಗೂ ‘ಉತ್ತರನ ಪೌರುಷ ಒಲೆಯ ಮುಂದೆ’ ಎನ್ನುತ್ತೇವೆ.

ನಿಮ್ಮ ಗಂಗವ್ವನಿಗೆ ಆ ಶಕ್ತಿ ಇದೆ. ಘಾಟಿಗೆ ಸೆರಗು ಮುಚ್ಚಿಕೊಂಡು ತೊಟ್ಟು ಬಿಡಿಸುತ್ತ ಕೂತವಳು, ಸಾಹುಕಾರ ಬಂದಾಗ ಡಬ್ಬಿ ತಳಿಯ ಮೆಣಸಿನಕಾಯಿಯ ಬಣ್ಣ ಹೊಗಳುತ್ತಾಳಲ್ಲ, ಆ ನಾಲ್ಕು ಸಾಲು ಓದಿ ನಾನು ಅವಳ ಉರಿಯುವ ಬೆರಳುಗಳನ್ನೇ ಯೋಚಿಸುತ್ತ ಕೂತೆ. ಅವಳಿಗೆ ಒಂದು ಇಡೀ ಅಧ್ಯಾಯ ಕೊಡಿ.

ಇಷ್ಟಾದ ಮೇಲೆ ಹಿರಿಸೊಸೆ, ನಡುವಿನ ಸೊಸೆ ಇಬ್ಬರನ್ನೂ ನೋಡಿ. ಇಬ್ಬರೂ ಪಾಲಿಗಾಗಿಯೇ ಜಗಳ ತೆಗೆಯುತ್ತಾರೆ, ಮಾತೂ ಒಂದೇ ಥರ. ಅವರಿಬ್ಬರನ್ನು ಒಬ್ಬಳನ್ನಾಗಿ ಮಾಡಿ ಬರೆದು, ವೈನಿಯವರಿಗೆ ಮತ್ತೊಮ್ಮೆ ಓದಲು ಕೊಡಿ.