ಕಿಟಕಿಯ ಅಲ್ಯೂಮಿನಿಯಂನಲ್ಲಿ ವಿಮಾನ ಕಟ್ಟಬಹುದೇ?

ಪ್ರಶ್ನೆ: ಒಂಟಿ ಸೀಟಿನ ಅಲ್ಟ್ರಾಲೈಟ್ (ತೀರಾ ಹಗುರ) ವಿಮಾನದ ಪ್ಲಾನ್ ಅಮೆರಿಕದಿಂದ ತರಿಸಿಕೊಂಡಿದ್ದೇನೆ. 6061-ಟಿ6 ಎಂಬ ದರ್ಜೆಯ ಅಲ್ಯೂಮಿನಿಯಂ ಪೈಪೇ ಆಗಬೇಕು ಎಂದು ಅದರಲ್ಲಿದೆ. ಮಂಗಳೂರಿನಲ್ಲಿ ವಿಚಾರಿಸಿದರೆ ‘ಇದೂ ಅದೇ, ತಗೊಂಡು ಹೋಗಿ’ ಎಂದು 25 ಮಿಲಿಮೀಟರ್ ಪೈಪ್ ತೋರಿಸುತ್ತಾರೆ. ಬೆಲೆಯೂ ಕಡಿಮೆ. ಬಳಸಬಹುದೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬೇಡ, ದಯವಿಟ್ಟು ಬೇಡ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಅವರ ಗಿರಾಕಿಗಳಿಗೆ ಎರಡೂ ಒಂದೇ. ಕಿಟಕಿ, ಬಾಗಿಲು, ಪಾರ್ಟಿಷನ್‌ಗೆ ಬರುವುದು ಹೆಚ್ಚಾಗಿ 6063 ದರ್ಜೆ. ಅದು ನಯವಾಗಿರುತ್ತದೆ, ಅಂದವಾಗಿಯೂ ಕಾಣುತ್ತದೆ. ಆದರೆ 6061-ಟಿ6 ಸುಮಾರು 275 ಮೆಗಾಪಾಸ್ಕಲ್ ಒತ್ತಡದವರೆಗೆ ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. 6063-ಟಿ5 ಸುಮಾರು 145ಕ್ಕೇ ಸೋತು ಬಾಗಿದ ಹಾಗೇ ಉಳಿಯುತ್ತದೆ. ಹೆಚ್ಚುಕಡಿಮೆ ಅರ್ಧ ಬಲ. ನೋಡಲು ಒಂದೇ ಥರ, ತೂಕವೂ ಒಂದೇ. ವಾಯುಪಡೆಯಲ್ಲಿ ಏರ್‌ಫ್ರೇಮ್, ಅಂದರೆ ವಿಮಾನದ ಒಡಲಿನ ಕೆಲಸ ಮಾಡಿಕೊಂಡೇ ಬಂದವನು ನಾನು, ಮುಟ್ಟಿ ನೋಡಿ ಯಾವುದು ಯಾವುದೆಂದು ಹೇಳಲು ನನ್ನಿಂದಲೂ ಆಗದು. ಅದಕ್ಕೇ ಲೋಹ ಯಾವ ದರ್ಜೆಯದೆಂದು ತಯಾರಕರೇ ಪರೀಕ್ಷಿಸಿ ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಕೊಡಲಾಗುವುದಿಲ್ಲ ಎಂದರೆ ಆ ಪೈಪನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು 25 ಮಿಲಿಮೀಟರ್ ವಿಷಯ. ಪ್ಲಾನ್‌ನಲ್ಲಿರುವುದು 1 ಇಂಚು, ಅಂದರೆ 25.4. ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ ಅಲ್ವಾ ಎನ್ನುತ್ತೀರಿ. ಒಮ್ಮೆ ಕ್ಯಾಲಿಪರ್ ಹಿಡಿದು ಲೆಕ್ಕ ಹಾಕಿ. ಇಂಥ ಪ್ಲಾನ್‌ಗಳಲ್ಲಿ ಜಾಸ್ತಿ ಭಾರ ಬೀಳುವ ಕಡೆ ಪೈಪಿನೊಳಗೆ ಇನ್ನೊಂದು ಪೈಪ್ ತೂರಿಸುವುದುಂಟು. 1 ಇಂಚಿನ ಪೈಪಿನ ಗೋಡೆ 0.058 ಇಂಚು ದಪ್ಪ ಇದ್ದರೆ, ಎರಡೂ ಬದಿ ಕಳೆದು ಒಳಗೆ 0.884 ಇಂಚು ಉಳಿಯುತ್ತದೆ. 7/8 ಇಂಚಿನ ಪೈಪ್ ಅಂದರೆ 0.875. ಅದು ಸಲೀಸಾಗಿ ಒಳಗೆ ಜಾರುತ್ತದೆ. ಮಧ್ಯೆ ಉಳಿಯುವ ಸಡಿಲ ಕಾಲು ಮಿಲಿಮೀಟರ್‌ಗೂ ಕಡಿಮೆ. ಈಗ ನಿಮ್ಮ 25ರ ಪೈಪ್ ನೋಡಿ. ಗೋಡೆ ಒಂದೂವರೆ ಮಿಲಿಮೀಟರ್ ಅಂದುಕೊಂಡರೆ ಒಳಗಿನ ಅಳತೆ 22. ತೂರಿಸಬೇಕಾದ 7/8 ಇಂಚಿನ ಪೈಪ್ 22.2. ಒಳಗೆ ಹೋಗುವುದೇ ಇಲ್ಲ! ಆಗ ಕೈ ತಾನಾಗಿಯೇ ಅರದ ಕಡೆ ಹೋಗುತ್ತದೆ. ಉಜ್ಜಿದಲ್ಲಿ ಗೀರು ಬೀಳುತ್ತದೆ. ಇಂಜಿನ್ ನಡುಗುವಾಗ ಬಿರುಕು ಶುರುವಾಗುವುದು ಅಂಥ ಗೀರಿನಿಂದಲೇ.

ಮಲ್ಪೆಯವರಾದ್ದರಿಂದ ಇನ್ನೊಂದು ಮಾತು. ಬೋಟಿನ ಅಭ್ಯಾಸದಲ್ಲಿ ಸ್ಟೇನ್‌ಲೆಸ್ ಬೋಲ್ಟ್ ಹಾಕಲು ಹೋಗಬೇಡಿ. ನಮ್ಮ ಉಪ್ಪು ಗಾಳಿಯಲ್ಲಿ ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಅದರ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಪ್ಲಾನ್‌ನಲ್ಲಿ ಹೇಳಿದ, ವಿಮಾನಕ್ಕೆಂದೇ ಮಾಡಿದ ಎಎನ್ ಬೋಲ್ಟ್‌ಗೆ ಕ್ಯಾಡ್ಮಿಯಂ ಲೇಪ ಕೊಟ್ಟಿರುವುದು ಇದನ್ನು ತಡೆಯಲಿಕ್ಕೇ. ತೂತು ಕೊರೆದ ಮೇಲೆ ಒಳಗೂ ಪ್ರೈಮರ್ ತಾಗಿಸಿ, ಆಮೇಲೆ ಬೋಲ್ಟ್ ಹಾಕಿ.

ಪ್ರಶ್ನೆ: ಅಮೆರಿಕದಲ್ಲಿ ಅಲ್ಟ್ರಾಲೈಟ್ ಹಾರಿಸಲು ಲೈಸೆನ್ಸೇ ಬೇಡವಂತೆ. ಹಾಗಾದರೆ ಬೆಳಗ್ಗೆ ಜನ ಇಲ್ಲದಾಗ ನಮ್ಮ ಕಡಲತೀರದಿಂದ ಹಾರಿಸಬಹುದಲ್ಲ?
– ಓದುಗರೊಬ್ಬರು, ಪಡುಬಿದ್ರಿ

ಉತ್ತರ: ಇಲ್ಲ. ಲೈಸೆನ್ಸ್ ಬೇಡ ಎನ್ನುವುದು ಅಲ್ಲಿಯ ಪಾರ್ಟ್ 103 ನಿಯಮ, 1982ರದ್ದು. ಇಂಜಿನ್ ಇರುವ ವಿಮಾನವಾದರೆ ಖಾಲಿ ತೂಕ 254 ಪೌಂಡ್‌ಗಿಂತ, ಅಂದರೆ ಸುಮಾರು 115 ಕೆಜಿಗಿಂತ ಕಡಿಮೆ ಇರಬೇಕು. ಪೆಟ್ರೋಲ್ 5 ಗ್ಯಾಲನ್ ಮೀರಬಾರದು, ಸೀಟು ಒಂದೇ. ಅದು ಆ ದೇಶದ ಕಾನೂನು. ನಮ್ಮಲ್ಲಿ ಎಷ್ಟೇ ಹಗುರ ಇದ್ದರೂ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನೋಂದಣಿ ಮತ್ತು ಹಾರಾಟದ ಪರ್ಮಿಟ್ ಬೇಕು. ಅಮೋಲ್ ಯಾದವ್ ಮುಂಬೈಯಲ್ಲಿ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನವನ್ನು 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಇಡೀ ದೇಶ ನೋಡಿತು. ಹಾರಾಟದ ಪರ್ಮಿಟ್ ಸಿಕ್ಕಿದ್ದು 2019ರಲ್ಲಿ. ಅವರು ಸ್ವತಃ ಪೈಲಟ್, ಆದರೂ ಅಷ್ಟು ಕಾಯಬೇಕಾಯಿತು. ಹಾಗಾಗಿ ಮೊದಲ ಪೈಪ್ ಕೊಳ್ಳುವ ಮುಂಚೆಯೇ ಡಿಜಿಸಿಎಗೆ ಪತ್ರ ಬರೆಯಿರಿ. ಪ್ರತಿ ಜಾಯಿಂಟಿನ ಫೋಟೊ ತೆಗೆದಿಡಿ. ಬಟ್ಟೆ ಹೊದಿಸಿದ ಮೇಲೆ ಒಳಗಿನದ್ದು ಯಾರಿಗೂ ಕಾಣುವುದಿಲ್ಲ. ಬಜ್ಪೆ ವಿಮಾನ ನಿಲ್ದಾಣಕ್ಕೆ ದಿನವಿಡೀ ದೊಡ್ಡ ವಿಮಾನಗಳು ಬಂದು ಹೋಗುವ ಆಕಾಶ ನಮ್ಮದು. ಅದರೊಳಗೆ ಯಾರಿಗೂ ಹೇಳದೆ ನುಗ್ಗುವ ಮಾತೇ ಬೇಡ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಮೂರನೇ ವರ್ಷ. ಮನೆ ಹಿಂದಿನ ಶೆಡ್‌ನಲ್ಲಿ ವಿಮಾನ ಕಟ್ಟುತ್ತೇನೆ ಎಂದು ಹಟ ಹಿಡಿದಿದ್ದಾನೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಹೇಗೆ ತಡೆಯಲಿ?
– ತಾಯಿಯೊಬ್ಬರು, ಸುರತ್ಕಲ್

ಉತ್ತರ: ಅಮ್ಮಾ, ನಿಮ್ಮ ಭಯ ಸುಮ್ನೆ ಅಲ್ಲ. ಆದರೆ ಕಟ್ಟುವುದನ್ನು ತಡೆಯಬೇಡಿ. ಕಟ್ಟುವುದು ಬೇರೆ, ಹಾರುವುದು ಬೇರೆ. ಮೊದಲು ಬಾಲದ ರಡ್ಡರ್ (ಎಡಬಲಕ್ಕೆ ತಿರುಗಿಸುವ ಹಲಗೆ) ಒಂದನ್ನೇ ಮಾಡು, ಉಳಿದದ್ದು ಆಮೇಲೆ ಎನ್ನಿ. ಅದು ಚಿಕ್ಕದು, ಖರ್ಚೂ ಕಡಿಮೆ. ಆದರೆ ಇಡೀ ವಿಮಾನಕ್ಕೆ ಬೇಕಾದ ಕೆಲಸವೆಲ್ಲ ಅದರಲ್ಲಿದೆ: ಅಳತೆ, ಕೊರೆಯುವುದು, ರಿವೆಟ್, ಬಟ್ಟೆ. ತಾಳ್ಮೆ ಇದೆಯೋ ಇಲ್ಲವೋ ಅವನಿಗೇ ತಿಳಿಯುತ್ತದೆ. ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಬಿಸಿ ಅಳೆದಿಟ್ಟ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಅದು ಕುಗ್ಗಿ ಚೆಂಡೆಯ ಹಾಗೆ ಬಿಗಿಯಾಗುತ್ತದೆ. ಮೇಲೆ ಡೋಪ್, ಅಂದರೆ ಬಟ್ಟೆಯನ್ನು ಕಾಪಾಡುವ ವಾರ್ನಿಷ್‌ನಂಥ ಲೇಪ, ಬಳಿಯುವುದನ್ನು ಮಾತ್ರ ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಇಟ್ಟುಕೊಳ್ಳಲಿ. ನಮ್ಮ ಮಳೆಗಾಲದ ತೇವದಲ್ಲಿ ಡೋಪ್ ಬೆಳ್ಳಗಾಗಿ ಹಾಳಾಗುತ್ತದೆ.

ಹಾರುವ ಮಾತು ಬಂದಾಗ, ಬೆಂಗಳೂರಿನ ಜಕ್ಕೂರಿನಂಥ ವಿಮಾನ ತರಬೇತಿ ಶಾಲೆಯಲ್ಲಿ ಕಲಿತು ಬಾ ಎನ್ನಿ. ಕಲಿತು ಬಂದರೂ ಮೊದಲ ಹಾರಾಟ ಅನುಭವ ಇರುವ ಪೈಲಟ್‌ನದ್ದೇ ಆಗಲಿ. ಈ ವಿಷಯದಲ್ಲಿ ನೀವು ಹಟ ಹಿಡಿಯಿರಿ.

ಅದಕ್ಕೂ ಮುಂಚೆ ರೆಕ್ಕೆಯ ಭಾರ ಪರೀಕ್ಷೆ ಇದೆ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ, ಅದಕ್ಕೇ ರೆಕ್ಕೆಗಳನ್ನು ತಲೆಕೆಳಗಾಗಿ ಜೋಡಿಸಿ ಮರಳಿನ ಚೀಲ ಹೇರುತ್ತಾರೆ. ಪೈಲಟ್, ಪೆಟ್ರೋಲ್ ಸೇರಿ 240 ಕೆಜಿಯ ವಿಮಾನ, ಅದರಲ್ಲಿ ರೆಕ್ಕೆಗಳೇ 40 ಕೆಜಿ ಎಂದಿಟ್ಟುಕೊಳ್ಳಿ. 4 ಜಿ ಅಂದರೆ ತೂಕದ ನಾಲ್ಕು ಪಟ್ಟು ಭಾರ. ರೆಕ್ಕೆ ಬಿಟ್ಟು ಉಳಿದ 200 ಕೆಜಿಯ ನಾಲ್ಕು ಪಟ್ಟು 800. ತಲೆಕೆಳಗಾದ ರೆಕ್ಕೆಗಳ ಸ್ವಂತ 40 ಕೆಜಿಯೂ ಕೆಳಕ್ಕೇ ಎಳೆಯುವುದರಿಂದ ಅದನ್ನು ಕಳೆದರೆ, ಎರಡೂ ರೆಕ್ಕೆ ಸೇರಿ 760 ಕೆಜಿ ಮರಳು ಬೇಕು. ಒದ್ದೆ ಮರಳು ಜಾಸ್ತಿ ತೂಗುತ್ತದೆ, ಹಾಗಾಗಿ ಪ್ರತಿ ಚೀಲವನ್ನು ಅದೇ ದಿನ ತೂಗಿ ಮೇಲೆ ಬರೆಯಬೇಕು. ಆ ಬರೆಯುವ ಕೆಲಸ ನೀವೇ ಮಾಡಿ, ಅಮ್ಮಾ. ಹೇರುವ ಮುಂಚೆ ರೆಕ್ಕೆಯ ತುದಿ ನೆಲದಿಂದ ಎಷ್ಟು ಎತ್ತರ ಇತ್ತೆಂದು ಟೇಪ್ ಹಿಡಿದು ನೋಡಿಕೊಳ್ಳಿ. ಚೀಲಗಳನ್ನು ಇಳಿಸಿದ ಮೇಲೆ ಅದೇ ಅಳತೆ ಬರಬೇಕು. ಬರದಿದ್ದರೆ ಮಗ ಏನೇ ಹೇಳಲಿ, ಆ ರೆಕ್ಕೆ ಹಾರಬಾರದು.