ಕುಂಕುಮ ಹಚ್ಚಿದ ವಿಂಚೆಸ್ಟರ್

ಪ್ರಶ್ನೆ: ಕಾಕಾ, ನಮ್ಮಜ್ಜನ ಕಾಲದ ವಿಂಚೆಸ್ಟರ್ ರೈಫಲ್ ಮನೆಯಲ್ಲಿದೆ. ಕೆಳಗಿನ ಲಿವರ್ ಆಡಿಸಿ ಹೊಡೆಯುವಂಥದ್ದು. ನಳಿಗೆಯ ಮೇಲೆ ‘30 ಡಬ್ಲ್ಯು.ಸಿ.ಎಫ್.’ ಅಂತಿದೆ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು, ಅವರು ಎರಡು ತಿಂಗಳ ಹಿಂದೆ ತೀರಿಕೊಂಡರು. ಪ್ರತಿ ಖಂಡೇನವಮಿಗೆ ಪೂಜೆ ಮಾಡುತ್ತೇವೆ. ಈಗ ತುಕ್ಕು ಹಿಡಿದಿದೆ, ಪಾಲಿಶ್ ಮಾಡಿಸಲಾ? ಎಷ್ಟು ಬೆಲೆ ಬಂದೀತು? ಕಬ್ಬಿಗೆ ಹಂದಿ ಕಾಟ ಜಾಸ್ತಿ, ಒಂದೆರಡು ಗುಂಡು ಹೊಡೆಯಬಹುದಾ?
– ಓದುಗ, ಮುಧೋಳ ತಾಲೂಕು

ಉತ್ತರ: ತಮ್ಮಾ, ಅದು ಖಾಲಿ ಇದೆಯೋ ಇಲ್ಲವೋ ಯಾರಾದರೂ ನೋಡಿದ್ದಾರಾ? ಈ ರೈಫಲ್‌ನಲ್ಲಿ ಕಾಡತೂಸುಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹೊರಗಿನಿಂದ ಕಾಣುವುದಿಲ್ಲ. ನಾನು ಬೆಳಗಾವಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದಾಗ ಒಬ್ಬರು ಇಂಥದ್ದೇ ಒಂದನ್ನು ತಂದು, “ಖಾಲಿ ಐತ್ರಿ, ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿಲ್ಲ” ಅಂದರು. ಲಿವರ್ ಎಳೆದೆ. ಹಸಿರುಗಟ್ಟಿದ ಕಾಡತೂಸು ಟಣ್ ಅಂತ ಬಿತ್ತು. ಮತ್ತೆ ಎಳೆದೆ, ಇನ್ನೊಂದು. ಅವರ ಮನೆಯ ಹುಡುಗರು ಅದನ್ನೇ ಹಿಡಿದು ಫೋಟೋ ತೆಗೆಸಿಕೊಂಡಿದ್ದರಂತೆ! ನೀನು ಎಳೆದು ನೋಡಲು ಹೋಗಬೇಡ, ತಿಳಿದವರ ಕೈಯಲ್ಲಿ ನೋಡಿಸು.

ಆ ಕೊಳವೆಯ ಕಾರಣಕ್ಕೇ ಇದರ ಗುಂಡಿನ ಮೂತಿ ಚಪ್ಪಟೆ. ಚೂಪಾಗಿದ್ದರೆ ಹಿಂದಿನ ಗುಂಡು ಮುಂದಿನ ಕಾಡತೂಸಿನ ಬುಡಕ್ಕೆ ಚುಚ್ಚಿ, ಕೊಳವೆಯಲ್ಲೇ ಸಿಡಿಯಬಹುದು.

ನಿನ್ನದು ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ ಇರಬೇಕು. 30 ಡಬ್ಲ್ಯು.ಸಿ.ಎಫ್. ಅಂದರೆ 1895ರಲ್ಲಿ ಬಂದ ಕಾಡತೂಸು, ಈಗ ಥರ್ಟಿ-ಥರ್ಟಿ ಅನ್ನುತ್ತಾರೆ. ಹೊಗೆ ಕಾರದ ಮದ್ದಿನದು. ಈ ಮಾದರಿ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಹಾಗಾಗಿ ಕೋಟಿಯ ಕನಸು ಬೇಡ. 1964ರಲ್ಲಿ ಕಂಪನಿ ತಯಾರಿಕೆಯ ರೀತಿ ಬದಲಿಸಿತು, ಅದಕ್ಕೂ ಮೊದಲಿನವು ಅಂದರೆ ಸಂಗ್ರಹಕಾರರಿಗೆ ಪ್ರೀತಿ. ಸೀರಿಯಲ್ ನಂಬರ್‌ನಿಂದ ವರ್ಷ ತಿಳಿಯುತ್ತದೆ.

ಪಾಲಿಶ್ ಮಾತ್ರ ಬೇಡವೇ ಬೇಡ. ಉಕ್ಕಿನ ಮೇಲಿನ ಹಳೆಯ ನೀಲಿಗಪ್ಪು ಬಣ್ಣಕ್ಕೇ ಬೆಲೆ. ಮರಳು ಕಾಗದ ಹಾಕಿ ತಿಕ್ಕಿಸಿ, ತಾಟಿನ ಹಾಗೆ ಹೊಳೆಯುವಂತೆ ಮಾಡಿ ತಂದವರನ್ನು ಕಂಡಾಗ ನನಗೆ ಅಳು ಬರುತ್ತಿತ್ತು. ಪೂಜೆಯ ನೀರು, ಕುಂಕುಮ ಸಂದಿಗೆ ಇಳಿದು ಕೂತರೆ ತುಕ್ಕು ಹಿಡಿಯದೆ ಇನ್ನೇನು? ಎಣ್ಣೆ ಬಟ್ಟೆಯಿಂದ ಒರೆಸಿದರೆ ಸಾಕು.

ಇನ್ನು ಕಾಗದದ ಮಾತು. ಅಪ್ಪನ ಲೈಸೆನ್ಸ್ ನಿನ್ನದಾಗುವುದಿಲ್ಲ. ಠಾಣೆಗೆ ತಿಳಿಸಿ, ರೈಫಲ್ಲನ್ನು ಅಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿ ರಸೀದಿ ತಗೋ. ಆಮೇಲೆ ವಾರಸುದಾರನಾಗಿ ಬಾಗಲಕೋಟೆಯ ಡಿಸಿ ಕಚೇರಿಗೆ ಅರ್ಜಿ ಕೊಡು. ಹಳೆಯದಲ್ವಾ, ಲೈಸೆನ್ಸ್ ಯಾಕೆ ಅನ್ನಬೇಡ. ರಿಪೇರಿ ಮಾಡಿದರೂ ಗುಂಡು ಹಾರದ ಹಳೆಯ ಆಯುಧಕ್ಕಷ್ಟೇ ಆ ವಿನಾಯಿತಿ. ನಿಮ್ಮ ಪಕ್ಕದ ಹಲಗಲಿಯ ಬೇಡರು 1857ರಲ್ಲಿ ಹತ್ಯಾರ ಕೊಡಲ್ಲ ಅಂತ ಬ್ರಿಟಿಷರಿಗೇ ಎದುರು ನಿಂತವರು, ನಿಜ. ನೀನು ಡಿಸಿ ಕಚೇರಿ ಮುಂದೆ ಆ ಲಾವಣಿ ಹಾಡಬೇಡ.

ಹಂದಿಗೆ ಗುಂಡು? 1972ರ ವನ್ಯಜೀವಿ ಕಾಯ್ದೆ ಇದೆ. ಅರಣ್ಯ ಇಲಾಖೆಯ ಲಿಖಿತ ಆದೇಶ ಇಲ್ಲದೆ ಮುಟ್ಟಿದರೆ ಜೈಲು. ಬೆಳೆ ಹಾನಿಗೆ ಪರಿಹಾರ ಕೇಳು.

ಅಷ್ಟರಲ್ಲಿ ಖಂಡೇನವಮಿ ಬಂದರೆ ಠಾಣೆಯ ರಸೀದಿಗೇ ಹೂವು ಏರಿಸು. ಅದು ತುಕ್ಕು ಹಿಡಿಯುವುದಿಲ್ಲ.